ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಕೆಂಡ ಇಡಬಹುದೇ?

ಪ್ರಶ್ನೆ: ನಮ್ಮದು ಸಿಂದಗಿ ತಾಲ್ಲೂಕಿನ ಹಳ್ಳಿ. ಹಳೆಯ ಮಣ್ಣಿನ ಮಾಳಿಗೆ ಮನೆಗೆ ಹೊಂದಿಸಿ ತಗಡಿನ ಕೋಣೆಯೊಂದನ್ನು ಕಟ್ಟಿಸಿದ್ದೇವೆ. ಚಳಿಗಾಲದಲ್ಲಿ ಅಲ್ಲಿ ಮಲಗುವ ಅವ್ವನಿಗಾಗಿ ಬುಟ್ಟಿಯಲ್ಲಿ ಕೆಂಡ ತುಂಬಿ ಇಡಬಹುದೇ?

ಉತ್ತರ: ದಯವಿಟ್ಟು ಇಡಬೇಡಿ. ಹೊಗೆಯಾಡದ ಕೆಂಡದಿಂದ ಅಪಾಯವಿಲ್ಲ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಆದರೆ ಹೊಗೆ ಕಣ್ಣುರಿಸಿ, ಕೆಮ್ಮಿಸಿ ಮನುಷ್ಯನನ್ನು ಎಬ್ಬಿಸಲೂಬಹುದು, ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕಾದರೋ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುವುದರಿಂದ, ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ, ತಲೆಸುತ್ತು ಕಾಣಿಸಬಹುದು. ನಿದ್ದೆಯಲ್ಲಿರುವವರಿಗೆ ಆ ಸೂಚನೆಯೂ ತಿಳಿಯದೆ ಪ್ರಾಣ ಹೋಗಬಹುದು. ಬೂದಿ ಮುಚ್ಚಿದ ಕೆಂಡವೂ ಇದೇ ಅನಿಲವನ್ನು ಬಿಡುತ್ತದೆ. ಹಿರಿಯರು ಒಲೆಯ ಬಳಿಯೇ ಮಲಗುತ್ತಿದ್ದರಲ್ಲ ಎಂದು ಕೇಳುವವರಿದ್ದಾರೆ. ಆ ಮಾಳಿಗೆಗಳಲ್ಲಿ ಬೆಳಕಿಂಡಿ ತೆರೆದೇ ಇರುತ್ತಿತ್ತು ಎಂಬುದನ್ನು ಅವರು ಮರೆಯಬಾರದು.

ಇನ್ನು ಚಳಿಯ ಮಾತು. ಡಿಸೆಂಬರ್, ಜನವರಿಯಲ್ಲಿ ವಿಜಯಪುರದ ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ಮೋಡವಿಲ್ಲದ ಅಂಥ ರಾತ್ರಿಗಳಲ್ಲಿ ತೆಳುವಾದ ತಗಡು ಬಹು ಬೇಗ ತಣ್ಣಗಾಗುತ್ತದೆ. ದಪ್ಪ ಮಣ್ಣಿನ ಗೋಡೆಯಾದರೆ ಹಗಲಿಡೀ ಹೀರಿದ ಬಿಸಿಯನ್ನು ರಾತ್ರಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಆದ್ದರಿಂದ ಅವ್ವನವರ ಹಾಸಿಗೆಯನ್ನು ಈ ಎರಡು ತಿಂಗಳು ಹಳೆಯ ಮನೆಯೊಳಗೆ ಹಾಕುವುದೇ ಎಲ್ಲಕ್ಕಿಂತ ಒಳ್ಳೆಯದು ಎಂದು ನನಗೆ ಅನಿಸುತ್ತದೆ. ಅದು ಆಗದಿದ್ದರೆ, ದೀಪಾವಳಿಯ ಹೊತ್ತಿಗೇ ತಗಡಿನ ಕೆಳಗೆ ಸ್ವಲ್ಪ ಅಂತರ ಬಿಟ್ಟು ಬಿದಿರಿನ ತಟ್ಟಿ ಕಟ್ಟಿಸಿ, ಮೂಡಣ ಗಾಳಿ ನುಗ್ಗುವ ಬಾಗಿಲಿನ ಕೆಳಸಂದಿಗೆ ಗೋಣಿಚೀಲ ಸುತ್ತಿ ಇಡಿ. ಪರಸಿ ಕಲ್ಲು ಹಾಸಿದ ನೆಲದ ತಂಪು ಕೆಳಗಿನಿಂದಲೂ ಏರುವುದರಿಂದ, ಹೊದೆಯಲು ಎಷ್ಟು ಕೌದಿ ಕೊಡುತ್ತೀರೋ ಮೈಕೆಳಗೂ ಅಷ್ಟೇ ದಪ್ಪ ಹಾಸಬೇಕು. ಹೊರಸು ಇದ್ದರೆ ಇನ್ನೂ ಒಳ್ಳೆಯದು.

ವಿದ್ಯುತ್ ಹೀಟರ್ ಕೊಳ್ಳುವ ಮುನ್ನ ವೈರಿಂಗ್ ನೋಡಿಸಿ. 2000 ವ್ಯಾಟ್‌ನ ಹೀಟರ್ ಸುಮಾರು 9 ಆಂಪಿಯರ್ ಎಳೆಯುವುದರಿಂದ 6 ಆಂಪಿಯರ್ ಸಾಕೆಟ್‌ಗೆ ಹಾಕಬಾರದು, 16 ಆಂಪಿಯರ್‌ನದೇ ಬೇಕು. ದಿನಕ್ಕೆ 5 ಗಂಟೆ ಉರಿಸಿದರೆ ತಿಂಗಳಿಗೆ 300 ಯೂನಿಟ್ ಆಗಿ, ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯನ್ನು ಅದೊಂದೇ ದಾಟುತ್ತದೆ.

ಬೆಂಕಿಯ ಮುಂದೆ ಕೂರದೆ ಅವ್ವನವರಿಗೆ ಸಮಾಧಾನವಿಲ್ಲ ಎಂದಾದರೆ, ನಸುಕಿನಲ್ಲಿ ಅಂಗಳದಲ್ಲಿ ಹತ್ತಿಕಟ್ಟಿಗೆ ಹಚ್ಚಿ, ಸೀರೆಯ ಸೆರಗು ಉರಿಗೆ ತಾಗದಷ್ಟು ದೂರದಲ್ಲಿ ಮಣೆ ಹಾಕಿಕೊಡಿ. ಬೆಂಕಿ ಆರುವವರೆಗೆ ಮನೆಯವರೊಬ್ಬರು ಅವರ ಜೊತೆಗೇ ಕುಳಿತಿರಲಿ.