ಗಂಡಿಗೆ ಮೂರು ತಿಂಗಳು, ಹೆಣ್ಣಿಗೆ ಆರು: ಸಾರ್ವಜನಿಕ ಅಸಭ್ಯತೆಯ ಕಾನೂನು ನಡೆದು ಬಂದ ದಾರಿ

ಕೊಪ್ಪಳ ಜಿಲ್ಲೆಯ ಹುಲಿಗಿಯಲ್ಲಿ ಹುಣ್ಣಿಮೆಯ ದಿನ ತುಂಗಭದ್ರೆಗೆ ಇಳಿಯುವ ಗಂಡಸರು ಚಡ್ಡಿಯಲ್ಲೇ ಮಿಂದು ಮೈ ಒರೆಸಿಕೊಳ್ಳುತ್ತ ಮೇಲೆ ಬರುತ್ತಾರೆ. ಹೆಂಗಸರು ಸೀರೆಯುಟ್ಟೇ ಮುಳುಗೆದ್ದು, ಜೊತೆಯವರು ಅಡ್ಡ ಹಿಡಿದ ಟವೆಲ್ಲಿನ ಮರೆಯಲ್ಲಿ ಒದ್ದೆ ಬಟ್ಟೆ ಬದಲಿಸುತ್ತಾರೆ. ಇದು ರೂಢಿಯೇ ಹೊರತು ಕಾನೂನಲ್ಲ. ಆದರೆ ರೂಢಿಯ ಕಣ್ಣು ಕಾನೂನಿನೊಳಗೂ ಸೇರಿಕೊಂಡಿದೆ.

1860ರ ಭಾರತೀಯ ದಂಡ ಸಂಹಿತೆಯ 294ನೇ ಕಲಂ ಹೆಣ್ಣು–ಗಂಡೆಂದು ಭೇದವೆಣಿಸಿರಲಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲವಾಗಿ ನಡೆದುಕೊಂಡವರಿಗೆ ಮೂರು ತಿಂಗಳವರೆಗೆ ಸಜೆ, ದಂಡ ಅಥವಾ ಎರಡೂ ಎಂದಷ್ಟೇ ಅದು ಹೇಳಿತು. ಅಶ್ಲೀಲವೆಂದರೇನು, ಯಾರ ಕಿರಿಕಿರಿಯನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದನ್ನು ಮಾತ್ರ ಬಿಡಿಸಿ ಹೇಳಲಿಲ್ಲ. ರಾಯಚೂರು, ಕೊಪ್ಪಳಗಳು ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. ಅಲ್ಲಿ 1329 ಫಸಲಿಯಲ್ಲಿ, ಅಂದರೆ 1919ರ ಸುಮಾರಿಗೆ ಬಂದ ಕಾಯ್ದೆಯೊಂದು, ನೋಂದಾಯಿತ ನಪುಂಸಕರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಳ್ಳುವುದನ್ನೇ ಅಪರಾಧವಾಗಿಸಿತು. ತೆಲಂಗಾಣ ಹೈಕೋರ್ಟ್ ಅದನ್ನು ರದ್ದುಪಡಿಸಿದ್ದು 2023ರಲ್ಲಿ.

ಅಸಮಾನತೆ ಅಕ್ಷರದಲ್ಲೇ ಕಾಣುವುದು 1956ರ ಕಾಯ್ದೆಯಲ್ಲಿ. 1986ರ ತಿದ್ದುಪಡಿಯಲ್ಲಿ ಅನೈತಿಕ ವ್ಯವಹಾರ ತಡೆ ಕಾಯ್ದೆ ಎಂದು ಹೆಸರು ಬದಲಿಸಿಕೊಂಡ ಅದರ 8ನೇ ಕಲಂ, ವೇಶ್ಯಾವೃತ್ತಿಗಾಗಿ ಕಿಟಕಿಯಲ್ಲಿ, ಬಾಲ್ಕನಿಯಲ್ಲಿ ಅಥವಾ ಬೇರಾವುದೇ ರೀತಿಯಲ್ಲಿ ಮಾತು, ಸನ್ನೆ, ಅಂಗಪ್ರದರ್ಶನಗಳಿಂದ ಗಮನ ಸೆಳೆಯುವುದನ್ನೂ, ನೆರೆಯವರಿಗೋ ದಾರಿಹೋಕರಿಗೋ ಕಿರಿಕಿರಿಯಾಗುವಂತೆ ಸುಳಿದಾಡುವುದನ್ನೂ ಶಿಕ್ಷಾರ್ಹವೆನ್ನುತ್ತದೆ. ಮೊದಲ ಸಲ ಸಿಕ್ಕಿಬಿದ್ದ ಹೆಣ್ಣಿಗೆ ಆರು ತಿಂಗಳವರೆಗೆ ಸಜೆ. ಅದೇ ತಪ್ಪನ್ನು ಗಂಡಸು ಮಾಡಿದರೆ ಏಳು ದಿನಕ್ಕೆ ಕಡಿಮೆಯಿಲ್ಲದಂತೆ, ಮೂರು ತಿಂಗಳು ಮೀರದಂತೆ ಸಜೆ ಎಂದು ಪರಂತುಕ, ಅಂದರೆ ಕಲಮಿಗೆ ಜೋಡಿಸಿದ ‘ಆದರೆ’ ಎಂಬ ಷರತ್ತು, ಹೇಳುತ್ತದೆ. ಗಂಡಸಿಗೆ ಕನಿಷ್ಠ ಶಿಕ್ಷೆಯಿದೆ, ನಿಜ. ಆದರೆ ಗರಿಷ್ಠ ಮಿತಿ ಅರ್ಧಕ್ಕೆ ಇಳಿದದ್ದೇಕೆ ಎಂಬುದಕ್ಕೆ ಕಲಮಿನೊಳಗೆ ಉತ್ತರವಿಲ್ಲ.

ಬೀದಿಯಲ್ಲಿ ಇದು ಹೇಗೆ ಇಳಿಯುತ್ತದೆಂಬುದು ನಮ್ಮ ಭಾಗದ ಬಸ್ ನಿಲ್ದಾಣಗಳಲ್ಲಿ ತಿಳಿಯುತ್ತದೆ. ‘ಇಲ್ಲಿ ಮೂತ್ರ ವಿಸರ್ಜಿಸಬಾರದು’ ಎಂಬ ಬರಹದ ಕೆಳಗೇ ಗೋಡೆಗೆ ಮುಖ ಮಾಡಿ ನಿಂತವನನ್ನು ಯಾರೂ ತಡೆಯುವುದಿಲ್ಲ. ರಾತ್ರಿ ಹತ್ತರ ಮೇಲೆ ಒಂಟಿಯಾಗಿ ನಿಂತ ಹೆಂಗಸಿಗೆ ಮಾತ್ರ ‘ಯಾವೂರವ್ವ ನಿಂದು, ಇಷ್ಟೊತ್ತಿನ್ಯಾಗ ಯಾಕ ನಿಂತಿ?’ ಎಂಬ ಪ್ರಶ್ನೆ ಎದುರಾಗುತ್ತದೆ. ಇಬ್ಬರಲ್ಲಿ ಕಾನೂನು ಮುರಿದವನು ಒಬ್ಬನೇ.

ನ್ಯಾಯಾಲಯಗಳ ನಿಲುವು ನಿಧಾನವಾಗಿ ಬದಲಾಗಿದೆ. ಬೆತ್ತಲೆ ಚಿತ್ರವೆಂಬ ಮಾತ್ರಕ್ಕೆ ಅದು ಅಶ್ಲೀಲವಾಗದು, ಸಮಕಾಲೀನ ಸಮಾಜದ ಮಾನದಂಡದಿಂದ ಅಳೆಯಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಗಂಡಸಿನ ದೇಹದ ಸ್ವಾತಂತ್ರ್ಯವನ್ನು ಪ್ರಶ್ನಿಸುವವರು ವಿರಳ, ಹೆಣ್ಣಿನದು ಸದಾ ಆತಂಕದಲ್ಲಿದೆ ಎಂಬ ಅರ್ಥದ ಮಾತನ್ನು ಕೇರಳ ಹೈಕೋರ್ಟ್ 2023ರಲ್ಲಿ ಆಡಿತು. ಗಂಡಸರ ಮೇಲೆ ಪ್ರಕರಣವೇ ಆಗುವುದಿಲ್ಲವೆಂದಲ್ಲ. ಗೋವಾದ ಕಡಲತೀರದಲ್ಲಿ ಬೆತ್ತಲೆ ಓಡಿದ ರೂಪದರ್ಶಿಯ ಮೇಲೆ 2020ರಲ್ಲಿ ಇದೇ 294ನೇ ಕಲಮಿನಡಿ ಎಫ್‌ಐಆರ್ ಆಯಿತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 294 ಹೋಗಿ 296 ಬಂದಿದೆ, ದಂಡಕ್ಕೆ ಒಂದು ಸಾವಿರ ರೂಪಾಯಿಯ ಮಿತಿ ಸೇರಿದೆ. ‘ಇತರರ ಕಿರಿಕಿರಿ’ ಹಾಗೆಯೇ ಉಳಿದಿದೆ. ಹೊಸ ಸಂಹಿತೆಯ ವ್ಯಾಪ್ತಿಗೆ ಬಾರದ 1956ರ ಕಾಯ್ದೆಯ ಪರಂತುಕವೂ ಇದ್ದಲ್ಲೇ ಇದೆ.