ಬಿಸಿಯೇ ಕಾರಣವೆಂದು ತೀರ್ಮಾನಿಸುವ ಮುನ್ನ

"ಕಂಪ್ಯೂಟರ್ ಬಿಸಿಯಾಗಿ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ" ಎಂದು ಹೇಳಿಕೊಂಡು ಬಂದವರಿಗೆ ನಾನು ಮೊದಲು ಕೇಳುವುದು ಇಷ್ಟೇ: ಅದು ಆಫ್ ಆಗಿ ಹಾಗೆಯೇ ಉಳಿಯುತ್ತದೆಯೋ, ಇಲ್ಲವೇ ಮರುಕ್ಷಣವೇ ಮತ್ತೆ ಶುರುವಾಗುತ್ತದೆಯೋ? ಹೆಚ್ಚಿನವರು ಇದನ್ನು ಗಮನಿಸಿರುವುದಿಲ್ಲ. ಅರ್ಧ ರೋಗನಿರ್ಣಯ ಇರುವುದೇ ಈ ಉತ್ತರದಲ್ಲಿ.

ಕಂಪ್ಯೂಟರಿನ ಮುಖ್ಯ ಚಿಪ್ ಆದ ಪ್ರೊಸೆಸರ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಉಷ್ಣತೆ 95-100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಮೊದಲು ವೇಗ ತಗ್ಗಿಸುತ್ತದೆ. ಆಗ ಫ್ಯಾನ್ ಅಬ್ಬರಿಸುತ್ತದೆ, ಕೆಲಸ ತೆವಳುತ್ತದೆ. ಅದಕ್ಕೂ ಬಗ್ಗದೆ ಕಾವು ಏರಿದರೆ ವಿದ್ಯುತ್ತೇ ಕಡಿತವಾಗಿ, ಯಂತ್ರ ಸಾಮಾನ್ಯವಾಗಿ ಆಫ್ ಆಗಿಯೇ ಉಳಿಯುತ್ತದೆ. ಹೀಗೆ ಆಫ್ ಆದ ಯಂತ್ರವನ್ನು ಕೂಡಲೇ ಆನ್ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಆಫ್ ಆಗುತ್ತದೆ. ಅರ್ಧ ಗಂಟೆ ಆರಲು ಬಿಟ್ಟರೆ ಮೊದಲಿನಂತೆ ನಡೆಯುತ್ತದೆ. ಬಿಸಿಯ ಗುರುತು ಸಾಮಾನ್ಯವಾಗಿ ಇದು. ಬೆಳಿಗ್ಗೆ ಆನ್ ಮಾಡಿದ ಎರಡೇ ನಿಮಿಷಕ್ಕೆ, ಯಂತ್ರ ಇನ್ನೂ ತಣ್ಣಗಿರುವಾಗಲೇ ರೀಸ್ಟಾರ್ಟ್ ಆದರೆ ನನ್ನ ಅನುಮಾನ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಅಥವಾ ರ್‍ಯಾಮ್ (ತಾತ್ಕಾಲಿಕ ನೆನಪಿನ ಪಟ್ಟಿ) ಕಡೆಗೆ ಹೋಗುತ್ತದೆ.

ಊಹೆ ಬೇಡ, ಅಳೆಯಿರಿ. ಉಷ್ಣತೆ ತೋರಿಸುವ ಉಚಿತ ತಂತ್ರಾಂಶಗಳಿವೆ. ಏನೂ ಇಲ್ಲದಿದ್ದರೆ ಬಯೋಸ್ ಪರದೆಯಲ್ಲೇ (ವಿಂಡೋಸ್ ಶುರುವಾಗುವ ಮುನ್ನ ತೆರೆಯಬಹುದಾದ ಸೆಟ್ಟಿಂಗ್ಸ್ ಪರದೆ) ಅಂಕಿ ಕಾಣುತ್ತದೆ. ಏನೂ ಕೆಲಸವಿಲ್ಲದೆ ಬಯೋಸ್‌ನಲ್ಲಿ ಸುಮ್ಮನಿರುವಾಗಲೇ 80, 85 ಎಂದು ಏರುತ್ತಿದ್ದರೆ ಪ್ರೊಸೆಸರ್ ಮೇಲೆ ಕೂತಿರುವ ಕೂಲರ್, ಅಂದರೆ ಫ್ಯಾನ್ ಮತ್ತು ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಭಾಗ), ತನ್ನ ಕೆಲಸ ಮಾಡುತ್ತಿಲ್ಲ.

ಇಲ್ಲಿ ಬಹಳ ಜನ ಮೋಸ ಹೋಗುವ ಜಾಗವೊಂದಿದೆ. ಪೆಟ್ಟಿಗೆ ತೆರೆದು ನೋಡುತ್ತಾರೆ. ಫ್ಯಾನ್ ತಿರುಗುತ್ತಿರುತ್ತದೆ, ರೆಕ್ಕೆಗಳೂ ಸ್ವಚ್ಛವಾಗಿಯೇ ಕಾಣುತ್ತವೆ. ಸಮಾಧಾನದಿಂದ ಮುಚ್ಚಿಬಿಡುತ್ತಾರೆ. ದೂಳು ಕೂತಿರುವುದು ಫ್ಯಾನಿನ ಅಡಿಯಲ್ಲಿ, ಹೀಟ್‌ಸಿಂಕ್‌ನ ತೆಳು ಲೋಹದ ಪಟ್ಟಿಗಳ ಬಾಯಿಗೆ. ಫ್ಯಾನ್ ಬಿಚ್ಚಿದರೆ ಅದು ಬೂದು ಕಂಬಳಿಯ ತುಂಡಿನಂತೆ ಒಂದೇ ಪದರವಾಗಿ ಎದ್ದು ಬರುತ್ತದೆ. ಗಾಳಿ ಆ ಕಂಬಳಿಗೆ ಬಡಿದು ಹಿಂದಿರುಗುತ್ತಿತ್ತೇ ಹೊರತು ಲೋಹವನ್ನು ಮುಟ್ಟುತ್ತಲೇ ಇರಲಿಲ್ಲ. ಪ್ಲಗ್ ಕಿತ್ತು, ಮೆತ್ತನೆಯ ಕುಂಚದಿಂದ ಬಿಡಿಸಿ, ಗಾಳಿ ಊದಿ ತೆಗೆಯಿರಿ. ಊದುವಾಗ ರೆಕ್ಕೆಗಳನ್ನು ಬೆರಳಿನಿಂದ ತಡೆಹಿಡಿಯಿರಿ. ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಇನ್ನೊಂದು, ಕೂಲರ್ ಹಿಡಿದಿಡುವ ಪ್ಲಾಸ್ಟಿಕ್ ಗೂಟಗಳು. ಅಂಥ ಕೂಲರ್‌ನ ನಾಲ್ಕರಲ್ಲಿ ಒಂದು ಸಡಿಲವಾದರೂ ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿರುತ್ತದೆ. ಕಣ್ಣಿಗೆ ಕಾಣದು, ಮೆಲ್ಲಗೆ ಅಲುಗಿಸಿದರೆ ಕೈಗೆ ತಿಳಿಯುತ್ತದೆ. ಹೀಟ್‌ಸಿಂಕ್ ಒಮ್ಮೆ ಎತ್ತಿದ ಮೇಲೆ ಹಳೆಯ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಲೇಪ) ಪೂರ್ತಿ ಒರೆಸಿ ಹೊಸದನ್ನು ಹಾಕಲೇಬೇಕು, ಬಟಾಣಿ ಕಾಳಿನಷ್ಟು ಸಾಕು. ಹೊಸ ಕೂಲರ್ ಆದರೆ ತಳದ ಪಾರದರ್ಶಕ ಹಾಳೆ ತೆಗೆದಿದ್ದೀರಾ ನೋಡಿ.

ಅಳತೆ 60ರ ಆಸುಪಾಸಿನಲ್ಲೇ ನಿಂತು, ಆದರೂ ರೀಸ್ಟಾರ್ಟ್ ಆಗುತ್ತಿದ್ದರೆ ದೂಳನ್ನು ದೂಷಿಸಬೇಡಿ. ವಿಂಡೋಸ್‌ನ ಸ್ಟಾರ್ಟ್‌ಅಪ್ ಮತ್ತು ರಿಕವರಿ ಆಯ್ಕೆಗಳಲ್ಲಿ ತಾನಾಗಿ ರೀಸ್ಟಾರ್ಟ್ ಆಗುವ ಆಯ್ಕೆಯ ಟಿಕ್ ಗುರುತನ್ನು ತೆಗೆಯಿರಿ. ವಿಂಡೋಸ್ ಕುಸಿದಾಗ ದೋಷ ತಿಳಿಸುವ ನೀಲಿ ಪರದೆ ಬರುತ್ತಿದ್ದರೆ ಆಗ ಅದು ನಿಲ್ಲುತ್ತದೆ, ಓದಬಹುದು. ವಿಂಡೋಸ್‌ನ ದಾಖಲೆ ಪಟ್ಟಿಯಾದ ಈವೆಂಟ್ ವ್ಯೂವರ್‌ನಲ್ಲಿ ಕಾಣುವ "ಕರ್ನಲ್-ಪವರ್ 41" ಕಾರಣವಲ್ಲ. ಹಿಂದಿನ ಸಲ ಯಂತ್ರ ಸರಿಯಾಗಿ ಮುಚ್ಚಲಿಲ್ಲ ಎಂದಷ್ಟೇ ಅದರ ಅರ್ಥ. ರ್‍ಯಾಮ್ ಎರಡಿದ್ದರೆ ಒಂದೊಂದನ್ನೇ ಹಾಕಿ ನಡೆಸಿ ನೋಡಿ. ಆಟ ಶುರುವಾದ ಕೂಡಲೇ ಆಫ್ ಆಗುವುದು ಎಸ್‌ಎಂಪಿಎಸ್ ಸೋತಿರುವ ಲಕ್ಷಣವಿರಬಹುದು. ಸುಸ್ಥಿತಿಯ ಇನ್ನೊಂದನ್ನು ಜೋಡಿಸಿ ಪರೀಕ್ಷಿಸಿ, ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನೇ ತೆರೆಯಲು ಮಾತ್ರ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಮೂರು ಸಲ ಪೇಸ್ಟ್ ಬದಲಿಸಿಯೂ ಸರಿಹೋಗದ ಯಂತ್ರವೊಂದು ನನ್ನ ಬಳಿ ಬಂದಿತ್ತು. ಉಷ್ಣತೆ 58. ಇಡೀ ದಿನ ಸುಸೂತ್ರವಾಗಿ ನಡೆಯಿತು. ಮರುದಿನ ಅವರ ಮನೆಗೇ ಹೋಗಿ ನೋಡಿದೆ: ಮೇಜಿನ ಕೆಳಗೆ ಕಾಲು ತಗಲುವ ಜಾಗದಲ್ಲಿದ್ದ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಪ್ಲಗ್ ಅಲುಗಾಡುತ್ತಿತ್ತು.