ಕೋವಿ ತಲೆಕೆಳಗಾಗಿ ನಿಂತರೆ ಶರಣಾಗತಿಯೇ?

ಪ್ರಶ್ನೆ: ಮಗನ ಕಸಂ ಪರೇಡ್‌ಗೆ (ಸೇನಾ ತರಬೇತಿ ಮುಗಿಸಿದವರು ಪ್ರಮಾಣ ಮಾಡುವ ಪರೇಡ್) ಹೋಗಿದ್ದೆವು. ಸೆಂಟರ್‌ನ ಯುದ್ಧ ಸ್ಮಾರಕದಲ್ಲಿ ಕೋವಿಯನ್ನು ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಮೇಲೆ ಹೆಲ್ಮೆಟ್ ಇಟ್ಟಿದ್ದಾರೆ. ಅದು ಶರಣಾಗತಿಯ ಗುರುತು ಅಂತ ಜೊತೆಯಲ್ಲಿದ್ದ ಹಿರಿಯರು ಬೇಸರಪಟ್ಟುಕೊಂಡರು. ನಿಜವೇ? ಅದರ ಕೆಳಗೆ ಯಾರನ್ನಾದರೂ ಹೂಳಿದ್ದಾರಾ?

ಎರಡನೆಯದಕ್ಕೆ ಮೊದಲು ಉತ್ತರ: ಇಲ್ಲ, ಕೆಳಗೆ ಯಾರೂ ಇಲ್ಲ. ಅದು ನೆನಪಿಗೆ ಕಟ್ಟಿದ್ದು, ಸಮಾಧಿಯಲ್ಲ. ಮಡಿದವರ ದೇಹ ಬೇರೆಲ್ಲೋ ಮಣ್ಣಾಗಿರುತ್ತದೆ, ಇಲ್ಲವೇ ಬೂದಿಯಾಗಿರುತ್ತದೆ.

ಇನ್ನು ಶರಣಾಗತಿ. ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್‌ಗೋ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟ್ ಸೆಂಟರ್‌ಗೋ ಮಕ್ಕಳ ಪರೇಡ್ ನೋಡಲು ಹೋಗಿ ಬಂದವರು ಈ ಮಾತು ತರುತ್ತಲೇ ಇರುತ್ತಾರೆ. ಎಷ್ಟು ಸಲ ಹೇಳಿದರೂ ಹೋಗುವುದಿಲ್ಲ. ಆದ್ದರಿಂದ ಈ ಸಲ ಪೂರ್ತಿಯಾಗಿಯೇ ಹೇಳಿಬಿಡುತ್ತೇನೆ.

ಆ ಹಿರಿಯರಿಗೆ ಬೇಸರವಾದದ್ದು ನನಗೆ ಅರ್ಥವಾಗುತ್ತದೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿ ತೊಳೆದು ಒರೆಸಿ, ಮೂತಿಗೆ ತೋಕ್‌ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುವ ಕೊಡಗು ನಮ್ಮದು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಮೂತಿ ಮಣ್ಣಿಗೆ ತಾಗಿಸಬಾರದು ಅಂತ ಚಿಕ್ಕಂದಿನಲ್ಲೇ ಬೈಸಿಕೊಂಡವರು ನಾವು. ನಳಿಗೆಗೆ ಮಣ್ಣು ಹೊಕ್ಕಿದ್ದಾಗ ಗುಂಡು ಹೊಡೆದರೆ ನಳಿಗೆ ಸೀಳಿ ಹೋಗಬಹುದು. ಅಂಥವರ ಕಣ್ಣಿಗೆ ಆ ಸ್ಮಾರಕ ಅವಮಾನದ ಹಾಗೆ ಕಂಡರೆ ಆಶ್ಚರ್ಯವಿಲ್ಲ.

ಆದರೆ ಶರಣಾಗುವವನು ಕೋವಿಯನ್ನು ಮೂತಿ ಕೆಳಗೆ ಮಾಡಿ ನೆಡುವುದಿಲ್ಲ. ನೆಲದ ಮೇಲೆ ಅಡ್ಡ ಇಟ್ಟು ಹಿಂದೆ ಸರಿಯುತ್ತಾನೆ, ಇಲ್ಲವೇ ಗೆದ್ದವನ ಕೈಗೆ ಕೊಡುತ್ತಾನೆ. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಆದದ್ದೂ ಅದೇ. ಪಾಕಿಸ್ತಾನದ ಜನರಲ್ ನಿಯಾಜಿ ಸಹಿ ಹಾಕಿ, ತನ್ನ ರಿವಾಲ್ವರ್ ತೆಗೆದು ನಮ್ಮ ಜನರಲ್ ಅರೋರಾ ಕೈಗೆ ಕೊಟ್ಟರು.

ಈಗ ಮುಂದಿನದನ್ನು ನೋಡಿ. ಅದೇ ಯುದ್ಧದಲ್ಲಿ ಮಡಿದ ನಮ್ಮವರಿಗಾಗಿ ದೆಹಲಿಯ ಇಂಡಿಯಾ ಗೇಟ್ ಕೆಳಗೆ ಅಮರ್ ಜವಾನ್ ಜ್ಯೋತಿ ಕಟ್ಟಿದರು. 1972ರ ಜನವರಿ 26ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ಅಂದರೆ ಗೆದ್ದು ಆರು ವಾರವೂ ಆಗಿರಲಿಲ್ಲ. ಅಲ್ಲಿಟ್ಟದ್ದು ಏನು? ಮೂತಿ ಕೆಳಗಾದ ರೈಫಲ್, ಮೇಲೊಂದು ಹೆಲ್ಮೆಟ್. ತೊಂಬತ್ತು ಸಾವಿರಕ್ಕಿಂತ ಜಾಸ್ತಿ ಮಂದಿಯನ್ನು ಸೆರೆ ಹಿಡಿದ ದೇಶ ತನ್ನದೇ ರಾಜಧಾನಿಯ ನಟ್ಟನಡುವೆ ಶರಣಾಗತಿಯ ಗುರುತು ನಿಲ್ಲಿಸುತ್ತದೆಯೇ? ಸ್ವಲ್ಪ ಯೋಚನೆ ಮಾಡಿ.

ಈ ರೂಪ ಬಂದದ್ದು ಯುದ್ಧಭೂಮಿಯಿಂದ. ಗುಂಡಿನ ಮಳೆಯ ನಡುವೆ ಸಂಗಾತಿ ಬಿದ್ದರೆ ಕಲ್ಲು ನೆಡಲು, ಹೆಸರು ಕೊರೆಯಲು ಪುರುಸೊತ್ತು ಎಲ್ಲಿ? ಅವನದೇ ರೈಫಲನ್ನು ನೆಲಕ್ಕೆ ಚುಚ್ಚಿ ಮೇಲೆ ಅವನ ಹೆಲ್ಮೆಟ್ ಇಡುತ್ತಿದ್ದರು. ಆಮೇಲೆ ಬರುವವರಿಗೆ ಅವನು ಎಲ್ಲಿದ್ದಾನೆಂದು ದೂರದಿಂದಲೇ ಕಾಣಬೇಕಲ್ಲ. ಮೂತಿಗೆ ಬಯೊನೆಟ್ ಸಿಕ್ಕಿಸಿದ್ದರೆ ಮಣ್ಣಿಗೆ ಇಳಿಯುವುದು ಅದರ ಅಲಗು, ನಳಿಗೆಯಲ್ಲ. ಅಮರ್ ಜವಾನ್ ರೈಫಲಿಗೂ ಬಯೊನೆಟ್ ಇದೆ. ಇಂಟರ್ನೆಟ್ಟಿನಲ್ಲಿ ಹೆಲ್ಮೆಟ್ ಜೊತೆ ಬೂಟುಗಳನ್ನೂ ಇಟ್ಟ ಚಿತ್ರ ಕಾಣುತ್ತದೆ. ಅದು ಅಮೆರಿಕದವರ ರೂಢಿ.

ನೋಡಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನಾಚರಣೆಗೆ ಬಂದು ನಿಂತು ನೋಡಿ. ಶೋಕ ಶಸ್ತ್ರ ಅಂತ ಆಜ್ಞೆ ಕೊಟ್ಟಾಗ ಸಾಲಿನಲ್ಲಿರುವವರು ಕೋವಿಯನ್ನು ನಿಧಾನವಾಗಿ ತಿರುಗಿಸುತ್ತಾರೆ. ಮೂತಿ ಬೂಟಿನ ತುದಿಯ ಮೇಲೆ ಬಂದು ಕೂರುತ್ತದೆ, ನೆಲಕ್ಕೆ ತಾಗುವುದಿಲ್ಲ. ಎರಡೂ ಅಂಗೈ ಹಿಂಭಾಗದ ಹಿಡಿಯ ಮೇಲೆ, ತಲೆ ಬಾಗಿರುತ್ತದೆ. ಈ ಡ್ರಿಲ್ ಸುಲಭ ಅಂದುಕೊಳ್ಳಬೇಡಿ. ಇಡೀ ಸಾಲು ಒಂದೇ ಲಯದಲ್ಲಿ ತಿರುಗಿಸುವ ಹಾಗೆ ಮಾಡಲು ಕಲಿಸುವವರ ಗಂಟಲು ಬಿದ್ದು ಹೋಗುತ್ತದೆ. ನಾನು ಕಲಿಸಿದ ಹುಡುಗರು ಅದನ್ನು ಸರಿಯಾಗಿ ಮಾಡಿದಾಗ ಇವತ್ತಿಗೂ ಎದೆ ತುಂಬಿ ಬರುತ್ತದೆ. ಸೋತವರಿಂದ ಯಾರಾದರೂ ಇಷ್ಟು ಅಚ್ಚುಕಟ್ಟು ಕೇಳುತ್ತಾರಾ?

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೂಳಿದ್ದಾರಾ ಅಂತ ಕೇಳಿದಿರಲ್ಲ, ಅದರ ಹಿಂದೆ ಇನ್ನೊಂದು ಪ್ರಶ್ನೆ ಇದೆ. ನಮ್ಮಲ್ಲಿ ಎಷ್ಟೋ ಐನ್‌ಮನೆಗಳಲ್ಲಿ (ಕುಟುಂಬದ ಮೂಲಮನೆಗಳಲ್ಲಿ) ಗೋಡೆ ಮೇಲೆ ಸಮವಸ್ತ್ರದ ಫೋಟೊ ಇದೆ, ಕುಟುಂಬದ ಸ್ಮಶಾನದಲ್ಲಿ ಗುರುತೇ ಇಲ್ಲ. ಯಾಕೆ? 1962, 1965, 1971ರಲ್ಲಿ ಮಡಿದವರ ಅಂತ್ಯಕ್ರಿಯೆ ಸಾಮಾನ್ಯವಾಗಿ ಗಡಿಯಲ್ಲೇ ಆಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ತಂತಿ, ಆಮೇಲೆ ಟ್ರಂಕು. ದೇಹವನ್ನು ಊರಿನವರೆಗೆ ತಲುಪಿಸುವುದು ದೊಡ್ಡ ಮಟ್ಟದಲ್ಲಿ ಶುರುವಾದದ್ದು 1999ರ ಕಾರ್ಗಿಲ್ ಹೊತ್ತಿಗೆ.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನೇ ನೋಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ತಿರುಗಿ ಬರಲಿಲ್ಲ. ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಹೊಡೆದುರುಳಿಸಿದ್ದರು ಅಂತ ನಮಗೆ ಗೊತ್ತಾಗಲು ವರ್ಷಗಟ್ಟಲೆ ಹಿಡಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ದೇಹ ಬರಲೇ ಇಲ್ಲ. ಮಡಿಕೇರಿಯಲ್ಲಿ ನಿಂತಿರುವ ಅವರ ಪ್ರತಿಮೆ ಸುಮ್ನೆ ಅಲಂಕಾರಕ್ಕಲ್ಲ. ಹೂವಿಡಲು ಊರಿನಲ್ಲಿ ಒಂದು ಜಾಗ ಬೇಕಿತ್ತು.

ನಿಮ್ಮ ಮನೆಯವರ ಹೆಸರು ಹುಡುಕಬೇಕಾದರೆ ಹೀಗೆ ಮಾಡಿ. ಸ್ವಾತಂತ್ರ್ಯದ ನಂತರ ಮಡಿದವರಾದರೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಹೆಸರುಗಳನ್ನು ಕೆತ್ತಿರುವ ಗೋಡೆಗಳ ತ್ಯಾಗ ಚಕ್ರದಲ್ಲಿ ನೋಡಿ. 2019ರಲ್ಲಿ ಉದ್ಘಾಟನೆಯಾದ ಅಲ್ಲಿ 25 ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ. ಅಮರ್ ಜವಾನ್ ರೈಫಲ್, ಹೆಲ್ಮೆಟ್ ಕೂಡ 2022ರಿಂದ ಅಲ್ಲೇ ಇವೆ. ಮೊದಲ ಮಹಾಯುದ್ಧದವರಾದರೆ ಇಂಡಿಯಾ ಗೇಟ್ ಕಲ್ಲಿನ ಮೇಲೆ ನೋಡಬಹುದು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಮಡಿದು ಸಮಾಧಿ ಸಿಗದವರ ಹೆಸರು ರಂಗೂನ್ ಹೊರಗಿನ ತೌಕ್ಯಾನ್ ಸ್ಮಾರಕದಲ್ಲಿ ಇರುತ್ತದೆ, ಮಲಯಾದವರದ್ದು ಸಿಂಗಪುರದ ಕ್ರಾಂಜಿಯಲ್ಲಿ. ಹುಡುಕಲು ಹೊರಡುವ ಮೊದಲು ಹಳೇ ಟ್ರಂಕು ತೆಗೆದು ಸರ್ವಿಸ್ ನಂಬರ್, ರೆಜಿಮೆಂಟ್ ಹೆಸರು ಬರೆದಿಟ್ಟುಕೊಳ್ಳಿ. ಮನೆತನದ ಹೆಸರನ್ನು ಆಗಿನ ಗುಮಾಸ್ತರು ತೋಚಿದ ಹಾಗೆ ಬರೆದಿರಬಹುದು, ನಂಬರ್ ಇದ್ದರೆ ತಪ್ಪುವುದಿಲ್ಲ.